ಮೊಂಡು ಮೂತಿಯ ಗುಂಡು

ಜುಲೈ ೬, ೨೦೨೫, ಭಾನುವಾರ. ಫ್ರೀಮಾಂಟ್ ಕಡೆಯ ಡಬ್ಲಿನ್

ಊರ್ಮಿಳಾ ಹೋಗಿ ಇವತ್ತಿಗೆ ನೂರಾ ಹದಿನೈದು ದಿನ. ಮೂವತ್ತೊಂದು ವರ್ಷ ಫ್ರೀಮಾಂಟಿನ ಲ್ಯಾಬಿನಲ್ಲಿ ಕೂತು ಬೇರೆಯವರ ತಕ್ಕಡಿ ಸರಿಯಾಗಿದೆಯೇ ಎಂದು ಪರೀಕ್ಷಿಸಿದವನು ನಾನು. ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟೆ. ಈಗ ಎಣಿಸಲಿಕ್ಕೆ ದಿನಗಳು ಮಾತ್ರ ಉಳಿದಿವೆ.

ತಿಂದದ್ದು: ನಿನ್ನೆಯ ಮೊಸರನ್ನ. ಮಾನ್ಯಾಳ ಫೋನು ಬರಲಿಲ್ಲ. ವಾಲ್ನಟ್ ಕ್ರೀಕಿನಿಂದ ಇಲ್ಲಿಗೆ ಅರ್ಧ ಗಂಟೆ ಕೂಡ ಬೇಡ, ಆದರೂ ಅಮ್ಮನ ವೈಕುಂಠ ಸಮಾರಾಧನೆಗೆ ಬಂದ ಮಗಳು ಮತ್ತೆ ಈ ಮನೆಯ ಬಾಗಿಲು ದಾಟಿಲ್ಲ. ಕೋಪವೇನಿಲ್ಲ. "ಐ ಜಸ್ಟ್ ಕಾಂಟ್, ಅಪ್ಪ" ಅನ್ನುತ್ತಾಳೆ. ನನ್ನ ಕೈಲೂ ಆಗುವುದಿಲ್ಲ. ಆದರೆ ನಾನು ಇಲ್ಲೇ ಇರಬೇಕಲ್ಲ.

ಮಧ್ಯಾಹ್ನ ಲಿವರ್‌ಮೋರಿನಿಂದ ದೇವೇಂದ್ರಪ್ಪನವರು ಬಂದರು, ಹೆಂಡತಿ ನೀಲವ್ವನವರು ಕಾರು ಓಡಿಸಿಕೊಂಡು. ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದರು. ಕನ್ನಡ ಕೂಟದಲ್ಲಿ ಗುರುತಾಗಿ ಇಪ್ಪತ್ತೇಳು ವರ್ಷ. ಸುರಪುರದ ಕಡೆಯ ಬೇಡರ ನಾಯಕರ ಮನೆತನ. ಇಲ್ಲಿ ರಸ್ತೆ ಇಲಾಖೆಯಲ್ಲಿ ಎಂಜಿನಿಯರಾಗಿ ನಿವೃತ್ತರಾದವರು. ವರ್ಷಕ್ಕೊಮ್ಮೆ ಸರ್ಕಾರದ ಪರವಾನಗಿ ಟ್ಯಾಗು ತೆಗೆದುಕೊಂಡು ಸಿಯೆರಾ ಗುಡ್ಡಕ್ಕೆ ಹೋಗಿ ಒಂದು ಜಿಂಕೆ ಹೊಡೆದು ತರುತ್ತಾರೆ. ಅದೊಂದನ್ನೇ ವರ್ಷವೆಲ್ಲ ತಿನ್ನುತ್ತಾರೆ. ಊರ್ಮಿಳಾಳ ಎದುರಿಗೆ ಆ ಮಾತು ಎತ್ತುತ್ತಿರಲಿಲ್ಲ, ಅಷ್ಟು ಮರ್ಯಾದೆ.

"ಆಚಾರ್ರ, ನಿಮ್ಮ ಕೈ ನಡಗ್ತಾವೇನ್ರಿ?" ಎಂದು ಕೇಳಿದರು. ಇಲ್ಲ ಅಂದೆ. ತಮ್ಮ ಎರಡು ಕೈಯನ್ನೂ ಮೇಜಿನ ಮೇಲಿಟ್ಟು ತೋರಿಸಿದರು. ಬಲಗೈ ತನ್ನಷ್ಟಕ್ಕೆ ಕುಣಿಯುತ್ತಿತ್ತು. ಪಾರ್ಕಿನ್‌ಸನ್ ಎಂದು ಗೊತ್ತಿತ್ತು, ಇಷ್ಟಾಗಿದೆ ಎಂದು ಗೊತ್ತಿರಲಿಲ್ಲ.

"ಬಂದೂಕ ಹಿಡದ್ರ ನಿಲ್ಲತದ. ಸಣ್ಣ ಕೆಲಸಕ್ಕ ನಿಲ್ಲಂಗಿಲ್ಲ. ಡಾಕ್ಟರು ಬ್ಯಾಟಿಗೆ ಇದ ಕಡೀ ವರ್ಷ ಅಂದಾರ. ನಲವತ್ತು ವರ್ಷ ನನ್ನ ಕಾಡತೂಸು ನಾನ ಕಟ್ಟೀನಿ. ಈ ಸಲ ನೀವು ಕಟ್ಟಿ ಕೊಡ್ರಿ."

"ದೇವೇಂದ್ರಪ್ಪನೋರೆ, ನಾನು ಮೊಟ್ಟೆ ಹಾಕಿದ ಕೇಕು ಕೂಡ ತಿನ್ನೋನಲ್ಲ."

"ನಿಮಗ ಕೊಲ್ರಿ ಅಂದೆನೇನು? ತೂಕ ಮಾಡ್ರಿ ಅಂದೆ."

ಯೋಚನೆ ಮಾಡುತ್ತೇನೆ ಅಂದೆ. ರೊಟ್ಟಿ ತಿಂದೆ. ಎರಡು.

ಜುಲೈ ೯, ಬುಧವಾರ

ಹೋದೆ. ಬೇರೆ ಕೆಲಸ ಏನಿತ್ತು.

ಅವರ ಗರಾಜಿನಲ್ಲಿ ಉದ್ದನೆಯ ಮೇಜು, ಖಾಲಿ ತೋಟಾಕ್ಕೆ ಗುಂಡು ಕೂರಿಸಲು ಮೇಜಿಗೆ ಬಿಗಿದ ಕಬ್ಬಿಣದ ಒತ್ತುಯಂತ್ರ, ಗಾಜಿನ ಪೆಟ್ಟಿಗೆಯೊಳಗೆ ಮದ್ದು ತೂಗುವ ಕಡ್ಡಿ ತಕ್ಕಡಿ. ಒಳ್ಳೆಯ ತಕ್ಕಡಿ, ಹಿತ್ತಾಳೆಯದು, ಸಣ್ಣ ತಟ್ಟೆಯದು. ಸೊನ್ನೆಗೆ ತಂದೆ. ಕೈಗೆ ಕೆಲಸ ನೆನಪಿತ್ತು. ಗ್ರೇನ್ ಎಂಬ ಅಳತೆ ಇಲ್ಲಿಯದು. ಒಂದು ಗುಲಗಂಜಿಗೆ ಸುಮಾರು ಎರಡು ಗ್ರೇನ್.

ಕೋವಿ ತೋರಿಸಿದರು. ಕೆಳಗಿನ ಹಿಡಿಕೆಯನ್ನು ತಳ್ಳಿ ಎಳೆದರೆ ಹೊಸ ತೋಟಾ ಮೇಲೇರುವ ಹಳೆಯ ಕಾಲದ್ದು. ಇದರ ಹೊಟ್ಟೆ ನಳಿಕೆಯ ಕೆಳಗಿನ ಕೊಳವೆ. ತೋಟಾಗಳು ಅದರೊಳಗೆ ಒಂದರ ಹಿಂದೆ ಒಂದು ಮಲಗಿರುತ್ತವೆ, ಹಿಂದಿನದರ ಮೂತಿ ಮುಂದಿನದರ ಬುಡಕ್ಕೆ ತಾಗಿಕೊಂಡು. ಆ ಬುಡದ ನಟ್ಟನಡುವೆ ಕಿಡಿ ಹುಟ್ಟಿಸುವ ಪ್ರೈಮರು. ಗುಂಡಿನ ಮೂತಿ ಚೂಪಾಗಿದ್ದರೆ, ಕೋವಿ ಹಾರಿಸಿದಾಗಿನ ಒದೆತಕ್ಕೆ ಮುಂದಿನದರ ಪ್ರೈಮರನ್ನು ಕುಟ್ಟಿಬಿಡಬಹುದು.

"ಚೂಪಂದು ನೋಡಾಕ ಚೆಂದ," ಅಂದರು. "ಆದ್ರ ಮುಂದಿನವನ ಕುಂಡಿ ಚುಚ್ಚತದ. ಹೊಟ್ಟಿಯಾಗೇ ಸಿಡದು ಕೈ ಹೋಗತದ. ನಮಗ ಮೊಂಡು ಮೂತೀದ ಬೇಕು."

ಒಂದು ವಿಷಯ ಗಮನಿಸಿದೆ. ಮದ್ದು, ಗುಂಡು, ಪ್ರೈಮರು, ಎಲ್ಲವನ್ನೂ ನನ್ನ ಮುಂದೆ ಹರಡಿದರು, ಕೋವಿಯನ್ನು ಮಾತ್ರ ತೋರಿಸಿದ ತಕ್ಷಣ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಕೀಲಿ ಜನಿವಾರದ ಹಾಗೆ ಕೊರಳಲ್ಲಿ. ನಾನು ಕೆಲಸ ಮಾಡುವಷ್ಟು ಹೊತ್ತೂ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ಹೊರಡುವಾಗ ಮೇಜಿನ ಮೇಲಿದ್ದದ್ದೆಲ್ಲ ಅದೇ ಕಪಾಟಿಗೆ ಹೋಯಿತು. ಮುದುಕನಿಗೆ ತನ್ನ ಕೋವಿಯ ಮೇಲೆ ಬಹಳ ವ್ಯಾಮೋಹ.

"ನಾಳಿ ಹತ್ತಕ್ಕ ಬರ್ರಿ. ಬರಲಿಲ್ಲಂದ್ರ ನಾನ ಬರತೀನಿ," ಅಂದರು.

ಜುಲೈ ೨೬, ಶನಿವಾರ

ಗುಂಡು ಸೀಸದ್ದಾದರೆ ಮೆತ್ತಗೆ, ಭಾರ, ಯಾವ ವೇಗದಲ್ಲಿ ಹೋದರೂ ಮೈಯೊಳಗೆ ಅರಳುತ್ತದೆಯಂತೆ. ಆದರೆ ಈ ರಾಜ್ಯದಲ್ಲಿ ಬೇಟೆಗೆ ಸೀಸ ಕೂಡದು. ಸತ್ತ ಪ್ರಾಣಿಯನ್ನು ತಿಂದ ಹದ್ದುಗಳಿಗೆ ವಿಷವಾಗುತ್ತದೆ. ಹಾಗಾಗಿ ತಾಮ್ರ. ತಾಮ್ರ ಗಟ್ಟಿ. ಸಾಕಷ್ಟು ವೇಗದಲ್ಲಿ ಬಡಿದರೆ ಮಾತ್ರ ಬಾಯಿ ಬಿಡುತ್ತದೆ, ಇಲ್ಲದಿದ್ದರೆ ಸೂಜಿಯ ಹಾಗೆ ಆಚೆ ಹೋಗುತ್ತದೆ. ಬಾಯಿ ಬಿಡದ ಗುಂಡು ತಗಲಿದ ಜಿಂಕೆ ತಕ್ಷಣ ಬೀಳುವುದಿಲ್ಲ, ಓಡುತ್ತದೆ.

ದೇವೇಂದ್ರಪ್ಪನವರು ಎರಡು ಡಬ್ಬಿ ಮುಂದಿಟ್ಟಿದ್ದಾರೆ. ಒಂದು, ತಲೆ ಚಪ್ಪಟೆಯಾದ ತಾಮ್ರದ ಗುಂಡು. ಇನ್ನೊಂದಕ್ಕೆ ತುದಿಯಲ್ಲಿ ಮೆತ್ತನೆಯ ರಬ್ಬರಿನ ಮೊಳಕೆ. ಆ ರಬ್ಬರು ಮುಂದಿನ ಪ್ರೈಮರನ್ನು ಕುಟ್ಟುವುದಿಲ್ಲ, ಕಡಿಮೆ ವೇಗದಲ್ಲೂ ಬಾಯಿ ಬಿಡುತ್ತದೆ. ಅವರ ಒಲವು ರಬ್ಬರಿನದರ ಕಡೆ.

ಅಳತೆ ಮಾಡದೆ ಏನೂ ಹೇಳುವುದಿಲ್ಲ ಅಂದೆ. ನಕ್ಕರು.

ಆಗಸ್ಟ್ ೨, ಶನಿವಾರ

ಗುಡ್ಡದ ಶೂಟಿಂಗ್ ರೇಂಜಿಗೆ ಹೋಗಿದ್ದೆವು. ಮೂರು ವಾರದಿಂದ ಕೂಡಿಟ್ಟ ಹಾಲಿನ ಗ್ಯಾಲನ್ ಕ್ಯಾನುಗಳಿಗೆ ನೀರು ತುಂಬಿ ಸಾಲಾಗಿ ನಿಲ್ಲಿಸಿದೆವು. ಅವರು ಹೊಡೆದರು, ನಾನು ಕ್ಯಾನಿನಿಂದ ಗುಂಡು ಹೆಕ್ಕಿದೆ. ಎರಡೂ ಜಾತಿಯವು ಅರಳಿದ್ದವು, ಸುಲಿದ ಬಾಳೆಹಣ್ಣಿನ ಸಿಪ್ಪೆಯ ಹಾಗೆ ನಾಲ್ಕು ಎಸಳು. ಮದ್ದು ಕಡಿಮೆ ಮಾಡಿ ಕಟ್ಟಿದವುಗಳಲ್ಲಿ ರಬ್ಬರಿನದು ಆಗಲೂ ಅರಳಿತು. ಚಪ್ಪಟೆಯದು, ವೇಗ ಒಂದು ಮಿತಿಯ ಕೆಳಗೆ ಹೋದದ್ದೇ, ಅರಳಲಿಲ್ಲ. ಹೇಗೆ ಹೋಯಿತೋ ಹಾಗೇ ಸಿಕ್ಕಿತು, ಗೀರು ಕೂಡ ಇಲ್ಲ. ಮಿತಿಯನ್ನು ಬರೆದುಕೊಂಡೆ.

ಅವರು ಕುರ್ಚಿಯಲ್ಲಿ ಕೂತು, ಮರಳ ಚೀಲದ ಮೇಲೆ ಕೋವಿ ಒರಗಿಸಿದರೆ ಕೈ ನಿಜಕ್ಕೂ ನಿಲ್ಲುತ್ತದೆ. ಕೋವಿ ಕೆಳಗಿಟ್ಟ ಕೂಡಲೇ ಮತ್ತೆ ಕುಣಿತ.

ಆಗಸ್ಟ್ ೧೬, ಶನಿವಾರ

ದೇವೇಂದ್ರಪ್ಪನವರ ಜೊತೆ ಜಗಳ. ನೂರು ಗಜದಲ್ಲಿ ಚಪ್ಪಟೆ ಗುಂಡಿನ ಐದು ಏಟು ಒಂದೂವರೆ ಇಂಚಿನೊಳಗೆ ಬಿದ್ದವು. ರಬ್ಬರಿನವು ನಾಲ್ಕು ಇಂಚು. ಈ ಕೋವಿಯ ನಳಿಕೆಗೆ ಅದು ಒಗ್ಗುವುದಿಲ್ಲ. ನನ್ನ ಮಟ್ಟಿಗೆ ಮಾತು ಮುಗಿದಿತ್ತು.

"ನಾಕು ಇಂಚು ಅಂದ್ರೂ ಜಿಂಕಿ ಎದಿ ಅದಕ್ಕಿಂತ ಅಗಲ ಅದ," ಅಂದರು. "ಬಾಯಿ ಬಿಡೂ ಗುಂಡು ಬೇಕು ನಮಗ. ಚಪ್ಪಟಿಂದು ಕಂಜೂಸ ಅದ, ಬಾಯಿ ಬಿಡಾಕ ಹಿಂದ ಮುಂದ ನೋಡತದ."

ನಾನು ಕಾಗದದ ಮೇಲೆ ಬರೆದು ತೋರಿಸಿದೆ. ತಪ್ಪಿನ ಒಟ್ಟು ಲೆಕ್ಕದಲ್ಲಿ ಕೈಗೆ ಇಷ್ಟು ಪಾಲು, ಗಾಳಿಗೆ ಇಷ್ಟು, ಗುಂಡಿಗೆ ಇಷ್ಟು. ನಿಮ್ಮ ಕೈ ಒಂದಿಷ್ಟು ತೆಗೆದುಕೊಳ್ಳುವುದು ಖಂಡಿತ, ಹಾಗಾಗಿ ಗುಂಡು ಏನೂ ತೆಗೆದುಕೊಳ್ಳಕೂಡದು ಅಂದೆ. ಮದ್ದು ಸರಿಯಾಗಿ ತೂಗಿದರೆ ನೂರು ಗಜದಲ್ಲಿ ಚಪ್ಪಟೆಯದೂ ಮಿತಿಗಿಂತ ಮೇಲೇ ಇರುತ್ತದೆ. ಸ್ವಲ್ಪವೇ ಮೇಲೆ, ಆದರೆ ಮೇಲೆ. ತೂಗುವವನು ನಾನು.

ಕಾಗದವನ್ನು ಬಹಳ ಹೊತ್ತು ನೋಡಿದರು. ಕೈಯ ಪಾಲು ಎಂದು ಬರೆದದ್ದನ್ನೇ ನೋಡುತ್ತಿದ್ದರು ಎಂದು ಈಗ ಅನ್ನಿಸುತ್ತಿದೆ. "ಆತು. ತೂಕ ನಿಮ್ದು, ನಿಮ್ಮ ಮಾತ ನಡೀಲಿ," ಅಂದರು.

ಹಾಗೆ ಬರೆದದ್ದು ಒರಟಾಯಿತೇನೋ. ಲೆಕ್ಕ ಮಾತ್ರ ಸರಿಯಾಗಿದೆ.

ಆಗಸ್ಟ್ ೨೯

ಊರ್ಮಿಳಾಳ ಹುಟ್ಟಿದ ದಿನ. ಏಳಲಿಲ್ಲ. ಹತ್ತೂವರೆಗೆ ದೇವೇಂದ್ರಪ್ಪನವರು ಬಾಗಿಲು ಬಡಿದರು. ತೆಗೆಯಲಿಲ್ಲ. ಹನ್ನೆರಡರವರೆಗೂ ಮೆಟ್ಟಿಲ ಮೇಲೆ ಕೂತಿದ್ದರು. ಕೊನೆಗೆ ತೆಗೆದೆ.

ಸೆಪ್ಟೆಂಬರ್ ೧೩, ಶನಿವಾರ

ಇವತ್ತು ಚಹಾದ ಲೋಟ ದೇವೇಂದ್ರಪ್ಪನವರ ಕೈಯಿಂದ ಬಿದ್ದು ಒಡೆಯಿತು. ನೀಲವ್ವನವರು ಏನೂ ಆಗಿಲ್ಲವೆಂಬಂತೆ ಒರೆಸಿದರು. ಅವರು ಒಳಗೆ ಹೋದ ಮೇಲೆ ದೇವೇಂದ್ರಪ್ಪನವರು ಹೇಳಿದರು, "ಒಂದ ಸಲ ಸರಿಯಾಗಿ ಹೊಡದು ಬಿಡ್ತೀನ್ರಿ ಆಚಾರ್ರ. ಒಂದ ಗುಂಡು, ನಿಂತಲ್ಲೇ ಬೀಳಬೇಕು. ನಮ್ಮ ಮುತ್ಯಾ ಹೇಳತಿದ್ದ, ಜೀವ ತಗೊಂಡ್ರ ಒಮ್ಮೆಗೆ ತಗೊಳ್ಳಬೇಕು, ಒದ್ದಾಡಿಸಿದ್ರ ಬ್ಯಾಟಿ ಅಲ್ಲ ಅಂತ. ಐವತ್ತು ವರ್ಷದಾಗ ಒಂದನ್ನೂ ಒದ್ದಾಡಿಸಿಲ್ಲ ನಾನು. ಕಡೀದೂ ಹಂಗ ಆಗಬೇಕು."

ಆಗುತ್ತದೆ ಅಂದೆ. ಆಗಲೇಬೇಕು. ನನಗೆ ಈ ವರ್ಷ ಇನ್ನೇನೂ ಆಗಬೇಕಾಗಿಲ್ಲ.

ಅಕ್ಟೋಬರ್ ೧, ಬುಧವಾರ. ಆಯುಧ ಪೂಜೆ

ನಮಗೆ ಈ ವರ್ಷ ಹಬ್ಬವಿಲ್ಲ. ಹಾಗೆಂದರೆ ನೀಲವ್ವನವರು, "ಹಬ್ಬ ನಮ್ಮನೀದು, ನೀವು ಬರೇ ಕುಂದರ್ರಿ," ಅಂದರು. ಪ್ರತಿ ವರ್ಷ ಅವರ ಮನೆಯ ಆಯುಧ ಪೂಜೆಗೆ ಗಂಧ ತೇಯ್ದು ಬೊಟ್ಟಿಡುತ್ತಿದ್ದವಳು ಊರ್ಮಿಳಾ. ಈ ಸಲ ನೀಲವ್ವನವರು ನನಗೆ ಹೇಳದೆ ಮಾನ್ಯಾಳನ್ನು ಕರೆದಿದ್ದರು.

ಆಫೀಸಿನಿಂದ ನೇರ ಬಂದಳು. ಸೊರಗಿದ್ದಾಳೆ. ಕೈಯಲ್ಲಿ ಅಮ್ಮನ ಸಾಣೆಕಲ್ಲು. ಅದು ನಮ್ಮ ಮನೆಯಿಂದ ಯಾವಾಗ ಹೋಯಿತೋ, ನಾನು ಹುಡುಕಿಯೂ ಇರಲಿಲ್ಲ. ಗರಾಜಿನ ನೆಲದ ಮೇಲೆ ಕೂತು ಗಂಧ ತೇಯ್ದಳು. ಅದು ಊರ್ಮಿಳಾಳ ಹಬ್ಬದ ವಾಸನೆ. ಎದ್ದು ಹೊರಗೆ ಹೋದೆ, ಕಾರಿನ ಚಕ್ರಕ್ಕೆ ಇಡುವ ನಿಂಬೆಹಣ್ಣು ಹುಡುಕುವ ನೆಪದಲ್ಲಿ. ಒಳಗೆ ಬರುವಷ್ಟರಲ್ಲಿ ಒತ್ತುಯಂತ್ರ, ತಕ್ಕಡಿ, ಕೋವಿ, ದೇವೇಂದ್ರಪ್ಪನವರ ಹಳೆಯ ಸರ್ವೇ ಟೇಪು, ಎಲ್ಲಕ್ಕೂ ಬೊಟ್ಟಿಟ್ಟು ಮುಗಿಸಿದ್ದಳು.

"ಅಮ್ಮ ಮಾಡೋ ಥರಾನೇ ಮಾಡಿದೆ ಅಪ್ಪ, ಎಕ್ಸಾಕ್ಟ್ಲಿ," ಅಂದಳು. ಆಮೇಲೆ ನನ್ನ ಹೆಗಲಿಗೆ ತಲೆ ಒರಗಿಸಿ ನಿಂತಳು. ಆರು ತಿಂಗಳಾದ ಮೇಲೆ.

ಮಂಗಳಾರತಿಯಾಯಿತು. ಪೂಜೆಗಿಟ್ಟದ್ದನ್ನು ನಾಳೆಯವರೆಗೆ ಯಾರೂ ಕದಲಿಸಬಾರದು ಎಂದು ನೀಲವ್ವನವರು ದೀಪ ಇಟ್ಟು ಬಾಗಿಲು ಮುಚ್ಚಿದರು.

ಅಕ್ಟೋಬರ್ ೨, ಗುರುವಾರ. ವಿಜಯದಶಮಿ

ಬೇಟೆಯ ತೋಟಾಗಳನ್ನು ಇವತ್ತೇ ಕಟ್ಟಬೇಕೆಂದು ದೇವೇಂದ್ರಪ್ಪನವರ ಹಟ. ದಸರೆಯ ದಿನ ಕಟ್ಟಿದ್ದನ್ನು ಪರೀಕ್ಷೆಗೆ ಹಾರಿಸುವುದಿಲ್ಲ, ಮೊದಲ ಏಟು ಬೇಟೆಗೇ. ಅವರ ಮುತ್ಯಾನ ಕಾಲದಿಂದ ನಡೆದು ಬಂದದ್ದು.

ತಕ್ಕಡಿಯನ್ನು ನಿನ್ನೆ ಬೆಳಿಗ್ಗೆಯೇ ಸೊನ್ನೆಗೆ ತಂದು, ಬೇಕಾದ ತೂಕಕ್ಕೆ ಹೊಂದಿಸಿಟ್ಟಿದ್ದೆ. ಗಾಜಿನ ಪೆಟ್ಟಿಗೆಯನ್ನು ಯಾರೂ ಕದಲಿಸಿರಲಿಲ್ಲ. ಕೈಮುಗಿದು ಶುರು ಮಾಡಿದೆ. ಹನ್ನೆರಡು ತೋಟಾ. ಒಂದೊಂದಕ್ಕೂ ಮದ್ದು ತೂಗಿ, ಸುರಿದು, ಗುಂಡು ಕೂರಿಸಿ, ಕೇಸಿನ ಬಾಯಿ ಬಿಗಿದೆ. ಕೈ ಒಂದು ಸಲವೂ ಅಲುಗಲಿಲ್ಲ. ಮಾನ್ಯಾ ಬೆಳಿಗ್ಗೆ ಮೆಸೇಜು ಕಳಿಸಿದ್ದಳು, ಭಾನುವಾರ ಊಟಕ್ಕೆ ಬರುತ್ತೇನೆ ಎಂದು. ಹನ್ನೆರಡೂ ಸಾಲಾಗಿ ನಿಂತಾಗ ಇವು ನಾನು ಮಾಡಿದ ಕೆಲಸಗಳಲ್ಲೇ ಅಚ್ಚುಕಟ್ಟಾದವು ಅನ್ನಿಸಿತು.

ಸಂತೋಷ ಎಂದು ಬರೆಯಲು ಹೆದರಿಕೆ. ಬರೆಯುವುದಿಲ್ಲ.

ಅಕ್ಟೋಬರ್ ೧೪, ಮಂಗಳವಾರ

ಮೂರು ದಿನದ್ದನ್ನು ಒಟ್ಟಿಗೆ ಬರೆಯುತ್ತಿದ್ದೇನೆ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಸಿಯೆರಾದಲ್ಲಿ ದೇವೇಂದ್ರಪ್ಪನವರು ವರ್ಷವೂ ಕೂರುವ ಬಂಡೆಯ ಹತ್ತಿರ ಇದ್ದೆವು. ನೂರು ಗಜಕ್ಕಿಂತ ದೂರ ಹೊಡೆಯುವುದಿಲ್ಲ ಎಂದು ಮೊದಲೇ ಮಾತಾಗಿತ್ತು. ಏಳೂವರೆಗೆ ಕೆಳಗಿನ ಪೊದೆಯಿಂದ ಗಂಡು ಜಿಂಕೆ ಬಂತು. ನಾನು ದುರ್ಬೀನಿನಲ್ಲಿ ನೋಡಿದೆ. ಎಡಗೊಂಬಿನ ತುದಿ ಮುರಿದಿತ್ತು. ದೂರ ತೊಂಬತ್ತಾರು ಗಜ ಎಂದು ಪಿಸುಗುಟ್ಟಿದೆ. ಅವರು ಕೋವಿಯನ್ನು ಬಂಡೆಗೆ ಒರಗಿಸಿದರು. ಕೈ ನಿಂತಿತು. ನಾನು ನೋಡಿದೆ, ಅವರ ಕೈ ನಿಂತಿತ್ತು.

ಗುಂಡು ಹಾರಿತು. ಜಿಂಕೆ ಒಂದು ಸಲ ಬೆನ್ನು ಗೂನು ಮಾಡಿ ಓಡಿತು. ಬೀಳಲಿಲ್ಲ. ಇನ್ನೊಂದು ಏಟಿಗೆ ಸಿಗಲಿಲ್ಲ.

ನಿಂತಿದ್ದ ಜಾಗದಲ್ಲಿ ಮೂರು ಹನಿ ರಕ್ತ. ಇಳಿಜಾರಿನಲ್ಲಿ ಇನ್ನೆರಡು. ಅವರು ಮೊಣಕಾಲೂರಿ, ಎಲೆ ಎಲೆ ಎತ್ತಿ ನೋಡುತ್ತ ಮೂರು ಗಂಟೆಯಲ್ಲಿ ಕಾಲು ಮೈಲಿ ಹೋದರು. ಮಧ್ಯಾಹ್ನ ನಿಂತುಬಿಟ್ಟರು. ಕಾಲು ಏಳಲಿಲ್ಲ. ನಾನು ಕತ್ತಲಾಗುವವರೆಗೆ ಹುಡುಕಿದೆ. ಸೋಮವಾರ ಮತ್ತೆ ಹುಡುಕಿದೆ. ಹನ್ನೊಂದಕ್ಕೆ ಮಳೆ ಬಂತು, ಇದ್ದ ಗುರುತೆಲ್ಲ ತೊಳೆದುಹೋಯಿತು.

ವಾಪಸು ಕಾರಿನಲ್ಲಿ ಮೂರೂವರೆ ಗಂಟೆಯ ದಾರಿ. ಮನೆ ಹತ್ತಿರದ ಟ್ರೇಸಿ ಊರು ದಾಟಿದ ಮೇಲೆ ಅವರು, "ಕೈ ನಡಗಿತ್ರಿ," ಅಂದರು. ಇಲ್ಲ, ನಾನು ನೋಡಿದೆ ಅಂದೆ. "ನಿಮಗ ಕಾಣಂಗಿಲ್ಲ. ಒಳಗ ನಡಗಿತು."

ಅಕ್ಟೋಬರ್ ೧೯, ಭಾನುವಾರ

ದೇವೇಂದ್ರಪ್ಪನವರು ಕಿಟಕಿಯ ಹತ್ತಿರದ ಕುರ್ಚಿ ಬಿಟ್ಟು ಏಳುತ್ತಿಲ್ಲ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುವುದಿಲ್ಲ, ಊಟ ಬೇಡ ಅನ್ನುತ್ತಾರೆ. ನೀಲವ್ವನವರು ಸೋತಿದ್ದಾರೆ. ನಾನು ದಿನವೂ ಹತ್ತಕ್ಕೆ ಹೋಗುತ್ತೇನೆ. ಮಾತ್ರೆಯ ಡಬ್ಬಿಯನ್ನು ವಾರದ ಲೆಕ್ಕದಲ್ಲಿ ತುಂಬಿಟ್ಟೆ. ಮೆಂತ್ಯದ ಪಲ್ಯ ಮಾಡಿಕೊಂಡು ಹೋಗಿದ್ದೆ, ನಾಲ್ಕು ತುತ್ತು ತಿಂದರು.

ಹೊರಡುವಾಗ ಕೊರಳಿನಿಂದ ಕೀಲಿ ತೆಗೆದು ನನ್ನ ಕೈಗೆ ಕೊಟ್ಟರು. "ಬಂದೂಕಕ್ಕ ಎಣ್ಣಿ ಹಚ್ಚಿಡ್ರಿ. ನನ್ನ ಕೈಲಿ ಆಗಂಗಿಲ್ಲ. ಆವಾಗ ನಿಮ್ಮ ಕೈಗೆ ಕೊಡಾಕ ಅಂಜಿಕಿ ಇತ್ತು, ಇನ್ನ ಕೊಡಬಹುದು." ಎಣ್ಣೆ ಹಚ್ಚಿ, ಬೀಗ ಹಾಕಿ, ಕೀಲಿಯನ್ನು ನೀಲವ್ವನವರ ಕೈಗೆ ಕೊಟ್ಟು ಬಂದೆ. ನಾಳೆಗೆ ಬೀನ್ಸ್ ತರಬೇಕು, ಮೆತ್ತಗೆ ಬೇಯಿಸಿದರೆ ತಿನ್ನಬಹುದು.

ಮಾನ್ಯಾ ಬಂದಿದ್ದಳು. "ಅಜ್ಜಂಗೆ ಡೀರ್ ಸಿಗ್ಲಿಲ್ವಾ?" ಎಂದು ಕೇಳಿದಳು. ಇಲ್ಲ ಅಂದೆ.

ಅಕ್ಟೋಬರ್ ೨೩, ಗುರುವಾರ

ಗರಾಜನ್ನು ಖಾಲಿ ಮಾಡಿ, ಎಲ್ಲ ಯಾರಿಗಾದರೂ ಕೊಟ್ಟುಬಿಡಿ ಎಂದು ದೇವೇಂದ್ರಪ್ಪನವರು ಅಂದರು. ತಕ್ಕಡಿ ಕಟ್ಟಿಡಲು ತಟ್ಟೆ ಎತ್ತಿದೆ. ತಟ್ಟೆಯ ಅಡಿಯಲ್ಲಿ ಗಂಧದ ದಪ್ಪ ಬೊಟ್ಟು, ಅದರ ಮೇಲೆ ಕುಂಕುಮ, ಕುಂಕುಮಕ್ಕೆ ಅಂಟಿದ ಒಂದು ಅಕ್ಷತೆ.



ಉಗುರಿನಿಂದ ಎಬ್ಬಿಸಿ, ಅದೇ ತಕ್ಕಡಿಯಲ್ಲಿ ತೂಗಿದೆ. ಒಂದು ಪಾಯಿಂಟ್ ಏಳು ಗ್ರೇನ್. ಬೊಟ್ಟನ್ನೂ ಮದ್ದಿನ ಜೊತೆ ತೂಗಿದ್ದೆ, ಅಷ್ಟು ಮದ್ದು ಪ್ರತಿ ತೋಟಾದಲ್ಲೂ ಕಡಿಮೆ. ಉಳಿದ ಹನ್ನೊಂದರಲ್ಲಿ ಮೂರನ್ನು ಬಿಚ್ಚಿ ತೂಗಿದೆ. ಮೂರೂ ಅಷ್ಟೇ ಕಡಿಮೆ. ವೇಗ ಲೆಕ್ಕ ಹಾಕಿದೆ. ತೊಂಬತ್ತಾರು ಗಜದಲ್ಲಿ ನನ್ನ ಚಪ್ಪಟೆ ಗುಂಡು ಮಿತಿಯ ಕೆಳಗಿತ್ತು. ಬಾಯಿ ಬಿಟ್ಟಿರಲಿಕ್ಕಿಲ್ಲ. ರಬ್ಬರಿನದಾಗಿದ್ದರೆ ಬಿಡುತ್ತಿತ್ತು.

ಮನೆಗೆ ಬಂದು ಅಡಿಗೆಮನೆಯ ಮಿಕ್ಸಿಯನ್ನು ತಿರುಗಿಸಿ ನೋಡಿದೆ. ಅಡಿಯಲ್ಲಿ ಹೋದ ವರ್ಷದ ಬೊಟ್ಟು. ಹೊಲಿಗೆ ಯಂತ್ರಕ್ಕೂ ಅಡಿಯಲ್ಲೇ. ಒರೆಸುವಾಗ ಅಳಿಸಿಹೋಗಬಾರದು ಎಂದು ಊರ್ಮಿಳಾ ಬೊಟ್ಟನ್ನು ಕಾಣದ ಕಡೆ ಇಡುತ್ತಿದ್ದಳು. ಇಪ್ಪತ್ತೊಂಬತ್ತು ವರ್ಷ ಜೊತೆಗಿದ್ದೂ ನನಗೆ ಗೊತ್ತಿರಲಿಲ್ಲ. ಮಗಳಿಗೆ ಗೊತ್ತಿತ್ತು.

ಮಾನ್ಯಾಳದೇನೂ ತಪ್ಪಿಲ್ಲ. ಪ್ರತಿ ಸಲ ತೂಗುವ ಮೊದಲು ಸೊನ್ನೆ ನೋಡು ಎಂದು ಮೂವತ್ತೊಂದು ವರ್ಷ ಹೊಸಬರಿಗೆ ಪಾಠ ಹೇಳಿದವನು ನಾನು. ಗುಂಡು ಆರಿಸಿದವನೂ ನಾನು. ಕೈಯ ಪಾಲು ಎಂದು ಕಾಗದದ ಮೇಲೆ ಬರೆದವನೂ ನಾನೇ.

ನಾಳೆ ಹೋಗಿ ಹೇಳುತ್ತೇನೆ. ನಿಮ್ಮ ಕೈ ನಡುಗಲಿಲ್ಲ, ನಾನು ಸೊನ್ನೆ ನೋಡಲಿಲ್ಲ ಎಂದು. ಮಗಳ ಹೆಸರು ತೆಗೆಯುವುದಿಲ್ಲ. ಅವರಿಗೆ ಅಷ್ಟಾದರೂ ನೆಮ್ಮದಿಯಾಗಲಿ.

ಅಕ್ಟೋಬರ್ ೨೪, ಶುಕ್ರವಾರ

ಲೆಕ್ಕದ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಹೋದೆ. ಕುರ್ಚಿಯ ಪಕ್ಕ ಕೂತೆ. ಬಾಯಿ ತೆಗೆಯುವ ಮೊದಲೇ ಅವರು ಶುರು ಮಾಡಿದರು.

"ಆಚಾರ್ರ, ದಿನಾ ಮುಂಜಾನೆ ಎದ್ದು ಒಂದ ಬೇಡಕೊಳ್ಳತೀನಿ. ನನ್ನ ಕೈ ನಡಗಿರಲಿ ಅಂತ."

ಯಾಕೆ ಅಂದೆ.

"ಕೈ ನಡಗಿದ್ರ ಗುಂಡು ಬರೇ ಚರ್ಮ ಸವರಿ ಹೋಗಿರತದ. ರಕ್ತ ಎಷ್ಟಿತ್ತು, ಐದ ಹನಿ. ಹಂಗಂದ್ರ ಅದು ಬದುಕಿರತದ. ಗಾಯ ಮಾಯ್ದು ಎಲ್ಲ್ಯಾರ ಮೇಯಾಕತ್ತಿರತದ. ಕೈ ನಿಂತಿದ್ರ, ಆಚಾರ್ರ, ಎದಿಯಾಗ ಗುಂಡು ಇಟಕೊಂಡು ಎರಡು ದಿನ ಒದ್ದಾಡಿ ಸತ್ತಿರತದ. ಅದು ಬ್ಯಾಡ. ನನ್ನ ಕೈ ಹೋಗಲಿ. ಅದು ಬದುಕಿರಲಿ."

ಹಾಳೆ ಜೇಬಿನಲ್ಲೇ ಇತ್ತು. ಹೌದು, ಬದುಕಿರಬಹುದು ಅಂದೆ. ಬೀನ್ಸಿನ ಪಲ್ಯ ತಿಂದರು.

ಅಕ್ಟೋಬರ್ ೨೬, ಭಾನುವಾರ

ಮಾನ್ಯಾ ಊಟಕ್ಕೆ ಬಂದಿದ್ದಳು. "ನೆಕ್ಸ್ಟ್ ಇಯರ್ ನಮ್ಮನೇಲೂ ಪೂಜೆ ಮಾಡೋಣ ಅಪ್ಪ. ನಾನೇ ಬೊಟ್ಟಿಡ್ತೀನಿ." ಆಗಲಿ ಪುಟ್ಟಿ ಅಂದೆ. ಅವಳು ಹೋದ ಮೇಲೆ ಅಡಿಗೆಮನೆಯಲ್ಲಿ ನಿಂತು ಅತ್ತೆ. ಊರ್ಮಿಳಾಳಿಗೋ ಆ ಪ್ರಾಣಿಗೋ ತಿಳಿಯಲಿಲ್ಲ.

ನವೆಂಬರ್ ೨, ಭಾನುವಾರ

ಬೇಟೆಯ ಋತುವಿನ ಕೊನೆಯ ದಿನ. ಒಮ್ಮೆ ಹೋಗಿ ನೋಡಿ ಬರೋಣ ಎಂದು ದೇವೇಂದ್ರಪ್ಪನವರೇ ಕೇಳಿದರು. ಕೋವಿ ಬೇಡ ಅಂದರು. ಒಂದು ಕಡೆ ನಾನು, ಇನ್ನೊಂದು ಕಡೆ ನೀಲವ್ವನವರು ಹಿಡಿದು ಬಂಡೆಯವರೆಗೆ ನಡೆಸಿದೆವು. ಅಲ್ಲಿ ಕಂಬಳಿ ಹೊದ್ದು ಕೂತರು. ಯಾವ ಕಡೆ ನೋಡಬೇಕೆಂದು ಕೋಲಿನಿಂದ ತೋರಿಸಿದರು. ಗಾಯವಾದದ್ದು ನೀರಿಗೆ ಇಳಿಯುತ್ತದೆ, ಹಳ್ಳದ ಬಲದಂಡೆ ಹಿಡಿದು ಹೋಗಿ ಅಂದರು. "ಏನೂ ಸಿಗದಿದ್ರ ಚಲೋ," ಎಂದೂ ಅಂದರು.

ಒಂದು ಗಂಟೆ ನಡೆದೆ. ಹಳ್ಳದ ತಿರುವಿನಲ್ಲಿ, ಬಿದ್ದ ಮರದ ಹಿಂದೆ ಇತ್ತು. ತೋಳಗಳೋ ನರಿಗಳೋ ತಿಂದು ಮುಗಿಸಿದ್ದವು. ಚರ್ಮದ ತುಂಡು, ಎಲುಬು, ಕೊಂಬು. ಎಡಗೊಂಬಿನ ತುದಿ ಮುರಿದಿತ್ತು. ಮರದ ಬುಡದಲ್ಲಿ ನೆಲವನ್ನು ಗೊರಸಿನಿಂದ ಕೆರೆದು ಕೆರೆದು ಗುಂಡಿ ಮಾಡಿತ್ತು. ಅಲ್ಲಿ ಬಹಳ ಹೊತ್ತು ಮಲಗಿತ್ತೆಂದು ನನ್ನಂಥವನಿಗೂ ತಿಳಿಯಿತು.

ಎದೆಯ ಗೂಡು ಇನ್ನೂ ಬಿಡಿಸಿಕೊಂಡಿರಲಿಲ್ಲ. ಭುಜದ ಹಿಂದೆ, ಎಲ್ಲಿ ಹೊಡೆಯುತ್ತೇನೆಂದು ಅವರು ಹೇಳಿದ್ದರೋ ಸರಿಯಾಗಿ ಅಲ್ಲೇ, ಪಕ್ಕೆಲುಬಿನಲ್ಲಿ ದುಂಡನೆಯ ತೂತು. ಆಚೆಯ ಪಕ್ಕೆಲುಬಿನಲ್ಲಿ ಇನ್ನೊಂದು. ಜೇಬಿನಲ್ಲಿ ಕ್ಯಾಲಿಪರು ಇತ್ತು, ಯಾವಾಗಲೂ ಇರುತ್ತದೆ. ಅಳೆದೆ. ಈಚೆ ಎಂಟು ಮಿಲಿಮೀಟರು. ಆಚೆ ಎಂಟು. ಬಾಯಿ ಬಿಟ್ಟಿದ್ದರೆ ಆಚೆಯದು ಎರಡು ಪಾಲು ದೊಡ್ಡದಿರಬೇಕಿತ್ತು.

ತೂಕವಷ್ಟೇ ನನ್ನದು ಎಂದು ಮೂರು ತಿಂಗಳು ಹೇಳಿಕೊಂಡೆ. ಇದನ್ನು ಕೊಂದವನು ನಾನು. ಅದೂ ನಿಧಾನವಾಗಿ.

ಮೂಳೆಗಳನ್ನು ಮರದ ಬುಡಕ್ಕೆ ಸರಿಸಿ ಮೇಲೆ ಕಲ್ಲು ಪೇರಿಸಿದೆ. ಬಾಯಿಗೆ ಬಂದ ಒಂದೆರಡು ಮಂತ್ರ ಹೇಳಿದೆ. ಜಿಂಕೆಗೆ ಯಾವ ಮಂತ್ರವೋ ನನಗೆ ಗೊತ್ತಿಲ್ಲ. ಹಳ್ಳದ ನೀರಿನಲ್ಲಿ ಕೈ ತೊಳೆದು ಹತ್ತಿ ಬಂದೆ.

ಅವರು ನನ್ನನ್ನು ದೂರದಿಂದಲೇ ನೋಡುತ್ತಿದ್ದರು. "ಸಿಕ್ತೇನ್ರಿ?" ಅಂದರು.

"ಇಲ್ಲ," ಅಂದೆ. "ಎಲ್ಲೂ ಏನೂ ಇಲ್ಲ."

ಇದು ಅವರ ಒಳ್ಳೆಯದಕ್ಕೆ ಹೇಳಿದ್ದೋ ನನ್ನ ಒಳ್ಳೆಯದಕ್ಕೋ, ಈಗ ಬರೆಯುವಾಗಲೂ ಗೊತ್ತಾಗುತ್ತಿಲ್ಲ. ಕಣ್ಣು ಮುಚ್ಚಿಕೊಂಡು, "ಬದುಕೇದ ಹಂಗಾದ್ರ," ಅಂದರು. ನೀಲವ್ವನವರು ಸೆರಗಿನಿಂದ ಮುಖ ಒರೆಸಿಕೊಂಡರು.

ಏಳಿಸಲೆಂದು ಕೈ ಚಾಚಿದೆ. ಅವರು ಹಿಡಿಯಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದರು.

"ನಿಮ್ಮ ಕೈ ಯಾಕ ನಡಗಾಕತ್ಯಾವ್ರಿ, ಆಚಾರ್ರ?"

"ಚಳಿ," ಅಂದೆ.

ನಾನು ಹತ್ತಿ ಬಂದ ಹಳ್ಳದ ಕಡೆಗೊಮ್ಮೆ ನೋಡಿದರು. ಆಮೇಲೆ ನಡುಗುವ ತಮ್ಮ ಕೈಯಿಂದ ಉಲ್ಲನ್ನಿನ ಗವಸು ಬಿಚ್ಚಿ, ಒಂದೊಂದಾಗಿ ನನ್ನ ಕೈಗೆ ತೊಡಿಸಿದರು.